ಮೈಕ್ರೋಸ್ಕೋಪಿನ ಫೋಕಸ್ ಸರಿಮಾಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರಾಕ್ಟಿಕಲ್ ಲ್ಯಾಬಿನಲ್ಲಿ ನಾನು ಅತಿ ಹೆಚ್ಚು ಕೇಳಿಸಿಕೊಂಡ ಮಾತು ಒಂದೇ: "ಏನೂ ಕಾಣ್ತಾ ಇಲ್ಲ, ಈ ಮೈಕ್ರೋಸ್ಕೋಪ್ ಕೆಟ್ಟಿದೆ." ಎದ್ದು ಹೋಗಿ ನೋಡಿದರೆ ಸಾಮಾನ್ಯವಾಗಿ ಕೆಟ್ಟಿರುವುದಿಲ್ಲ. ನಾಬ್ ತಿರುಗಿಸುವ ಕ್ರಮ ತಪ್ಪಿರುತ್ತದೆ, ಇಲ್ಲವೇ ಸ್ಲೈಡ್ ಬೋರಲಾಗಿ ಕೂತಿರುತ್ತದೆ. ಹಾಗೆ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಮೂರನೆಯದನ್ನು ಮಾತ್ರ ಪೂರ್ತಿ ಓದಿ. ಉಳಿದವನ್ನು ಬೇಕಾದಾಗ ನೋಡಿಕೊಂಡರೆ ಸಾಕು.

1. ಎರಡು ನಾಬ್ ಯಾಕೆ? ಒಂದೇ ಇದ್ದರೆ ಸಾಲದೇ?

ಸಾಲದು. ದೊಡ್ಡದು ಕೋರ್ಸ್ ನಾಬ್, ಚಿಕ್ಕದು ಫೈನ್ ನಾಬ್. ಪಾಠದ ಕನ್ನಡದಲ್ಲಿ ಸ್ಥೂಲ ಹೊಂದಾಣಿಕೆ ತಿರುಪು, ಸೂಕ್ಷ್ಮ ಹೊಂದಾಣಿಕೆ ತಿರುಪು ಅಂತಾರೆ. ಈಗಿನ ಮೈಕ್ರೋಸ್ಕೋಪುಗಳಲ್ಲಿ ಸಾಮಾನ್ಯವಾಗಿ ಎರಡೂ ಒಂದೇ ಅಚ್ಚಿನ ಮೇಲೆ, ದೊಡ್ಡದರ ಹೊರಗೆ ಚಿಕ್ಕದು ಅನ್ನುವ ಹಾಗೆ ಕೂತಿರುತ್ತವೆ. ಹಳೆಯವುಗಳಲ್ಲಿ ಬೇರೆ ಬೇರೆ ಕಡೆ ಇರುತ್ತಿದ್ದವು.

ಕೋರ್ಸ್ ನಾಬ್ ಒಂದು ಸುತ್ತು ತಿರುಗಿದರೆ ಸ್ಟೇಜ್, ಅಂದರೆ ಗಾಜಿನ ಸ್ಲೈಡ್ ಇಡುವ ತಟ್ಟೆ, ಸೆಂಟಿಮೀಟರ್ ಲೆಕ್ಕದಲ್ಲಿ ಜರುಗುತ್ತದೆ. ಫೈನ್ ನಾಬ್ ಒಂದು ಸುತ್ತಿಗೆ ಹಲವು ಮಾಡೆಲ್‌ಗಳಲ್ಲಿ ಜರುಗುವುದು 0.1ರಿಂದ 0.2 ಮಿ.ಮೀ. ಮಾತ್ರ. ಇಷ್ಟು ನಾಜೂಕು ಯಾಕೆ ಬೇಕು? 40ಎಕ್ಸ್ ಆಬ್ಜೆಕ್ಟಿವ್‌ನಲ್ಲಿ (ವಸ್ತುವಿನ ಕಡೆಯ, ನಲವತ್ತು ಪಟ್ಟು ಹಿಗ್ಗಿಸುವ ಲೆನ್ಸಿನಲ್ಲಿ) ಒಂದು ಸಲಕ್ಕೆ ಸ್ಪಷ್ಟವಾಗಿ ಕಾಣುವ ಪದರದ ದಪ್ಪ ಸುಮಾರು ಒಂದು ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಕೋರ್ಸ್ ನಾಬನ್ನು ಬೆರಳಲ್ಲಿ ಒಂಚೂರು ಮುಟ್ಟಿದರೂ ಆ ಪದರ ಎಲ್ಲೋ ಹಾರಿಹೋಗುತ್ತದೆ. ಬಸ್ಸಿನ ಸ್ಟೀರಿಂಗ್ ಹಿಡಿದು ಸೂಜಿಗೆ ದಾರ ಪೋಣಿಸಿದ ಹಾಗೆ.

2. ಫೋಕಸ್ ಮಾಡಲು ನಾಬನ್ನು ಯಾವ ಕಡೆ ತಿರುಗಿಸಬೇಕು?

ಇದಕ್ಕೆ ಬಾಯಿಪಾಠದ ಉತ್ತರ ಇಲ್ಲ. ಮಾಡೆಲ್‌ನಿಂದ ಮಾಡೆಲ್‌ಗೆ ಬದಲಾಗುತ್ತದೆ. ಈಗಿನವುಗಳಲ್ಲಿ ಸಾಮಾನ್ಯವಾಗಿ ಸ್ಟೇಜ್ ಮೇಲೆ ಕೆಳಗೆ ಹೋಗುತ್ತದೆ, ಹಳೆಯ ಹಲವುಗಳಲ್ಲಿ ಕೊಳವೆಯೇ ಇಳಿಯುತ್ತದೆ, ಏರುತ್ತದೆ. ಯಾವುದು ಜರುಗಿದರೂ ಬದಲಾಗುವುದು ಲೆನ್ಸಿಗೂ ವಸ್ತುವಿಗೂ ನಡುವಿನ ದೂರ ಒಂದೇ. ಹದಿನೇಳನೇ ಶತಮಾನದಲ್ಲಿ ಲೀವೆನ್‌ಹುಕ್ ಒಂದೇ ಒಂದು ಪುಟ್ಟ ಲೆನ್ಸನ್ನು ಲೋಹದ ತಗಡಿನಲ್ಲಿ ಕೂರಿಸಿ, ವಸ್ತುವನ್ನು ಮೊನೆಯ ಮೇಲಿಟ್ಟು, ಅದನ್ನೇ ತಿರುಪಿನಿಂದ ಹಿಂದೆ ಮುಂದೆ ಮಾಡುತ್ತಿದ್ದ. ನಾವು ಇವತ್ತು ಮಾಡುತ್ತಿರುವುದೂ ಅದೇ.

ಹೊಸ ಯಂತ್ರದ ಮುಂದೆ ಕೂತರೆ ಐಪೀಸಿಗೆ (ಮೇಲೆ ಕಣ್ಣಿಡುವ ಲೆನ್ಸಿಗೆ) ಕಣ್ಣು ಕೊಡುವ ಮೊದಲು ಪಕ್ಕದಿಂದ ನೋಡುತ್ತಾ ಕೋರ್ಸ್ ನಾಬನ್ನು ಒಮ್ಮೆ ಆಚೆ, ಒಮ್ಮೆ ಈಚೆ ತಿರುಗಿಸಿ. ಯಾವ ಕಡೆಗೆ ತಿರುಗಿಸಿದರೆ ದೂರ ಹೋಗುತ್ತದೆ ಅನ್ನುವುದು ಕೈಗೆ ಗೊತ್ತಾಗಲಿ. ಹತ್ತು ಸೆಕೆಂಡಿನ ಕೆಲಸ.

3. ಮೊದಲಿಂದ ಕೊನೆಯವರೆಗೆ ಸರಿಯಾದ ಕ್ರಮ ಯಾವುದು?

ಇಡೀ ವಿಷಯ ಒಂದು ಅಭ್ಯಾಸದ ಮೇಲೆ ನಿಂತಿದೆ: ಹತ್ತಿರ ತರುವಾಗ ಪಕ್ಕದಿಂದ ನೋಡಿ, ಐಪೀಸಿನಲ್ಲಿ ನೋಡುವಾಗ ದೂರ ಮಾಡಿ.

ಯಾವಾಗಲೂ ಚಿಕ್ಕ ಆಬ್ಜೆಕ್ಟಿವ್‌ನಿಂದ ಶುರು ಮಾಡಿ. ಹೆಚ್ಚಿನ ಮೈಕ್ರೋಸ್ಕೋಪುಗಳಲ್ಲಿ ಅದು ಕೆಂಪು ಪಟ್ಟಿಯ 4ಎಕ್ಸ್. ಆಬ್ಜೆಕ್ಟಿವ್‌ಗಳನ್ನು ಹೊತ್ತ ನೋಸ್‌ಪೀಸ್ ತಿರುಗಿಸುವಾಗ ಲೆನ್ಸನ್ನು ಹಿಡಿದು ಎಳೆಯಬೇಡಿ, ಸುತ್ತಲಿನ ಉಂಗುರವನ್ನು ಹಿಡಿದು ತಿರುಗಿಸಿ. 'ಟಕ್' ಅಂತ ಕೂರಬೇಕು. ಆ ಟಕ್ ಆಗದಿದ್ದರೆ ಅರ್ಧ ಕತ್ತಲೆ ಕಾಣುತ್ತದೆ, ನೀವು ನಾಬ್ ಮೇಲೆ ಸಿಟ್ಟಾಗುತ್ತೀರಿ.

ಕವರ್ ಸ್ಲಿಪ್ (ವಸ್ತುವಿನ ಮೇಲೆ ಮುಚ್ಚುವ ತೆಳು ಗಾಜು) ಮೇಲ್ಮುಖವಾಗಿರುವ ಹಾಗೆ ಸ್ಲೈಡನ್ನು ಇಟ್ಟು, ವಸ್ತು ಇರುವ ಜಾಗವನ್ನು ಬೆಳಕಿನ ಚುಕ್ಕೆಯ ಮೇಲೆ ತನ್ನಿ. ಈಗ ತಲೆ ಬಗ್ಗಿಸಿ, ಪಕ್ಕದಿಂದ ನೋಡುತ್ತಾ, ಕೋರ್ಸ್ ನಾಬಿನಿಂದ ಸ್ಲೈಡ್ ಮತ್ತು ಲೆನ್ಸನ್ನು ಹತ್ತಿರ ತನ್ನಿ. 4ಎಕ್ಸ್ ಆದರೆ ಬೆರಳಿನ ದಪ್ಪದಷ್ಟು ಜಾಗ ಉಳಿದಿರುತ್ತದೆ, ಭಯವಿಲ್ಲ. ಆಮೇಲೆ ಐಪೀಸಿಗೆ ಕಣ್ಣು ಕೊಟ್ಟು, ನಿಧಾನವಾಗಿ ದೂರ ಮಾಡುತ್ತಾ ಹೋಗಿ. ಮಂಜಿನಿಂದ ಆಕಾರ ಎದ್ದು ಬರುತ್ತದೆ. ಬಂದ ಕೂಡಲೇ ಕೋರ್ಸ್ ನಾಬ್ ಬಿಟ್ಟು ಫೈನ್ ನಾಬಿಗೆ ಹೋಗಿ, ಅಂಚುಗಳು ಚೂಪಾಗುವವರೆಗೆ ಹಿಂದೆ ಮುಂದೆ ಮಾಡಿ. ಸ್ವಲ್ಪ ದಾಟಿಸಿ ವಾಪಸ್ ಬರುವುದು ತಪ್ಪಲ್ಲ. ಚೂಪು ಎಲ್ಲಿದೆ ಅಂತ ಗೊತ್ತಾಗುವುದೇ ಅದನ್ನು ದಾಟಿದಾಗ.

ನಂತರ ನೋಡಬೇಕಾದದ್ದನ್ನು ನಟ್ಟನಡುವೆ ತಂದು 10ಎಕ್ಸ್, ಅಲ್ಲಿ ಫೈನ್ ನಾಬಿನಿಂದ ಸರಿಮಾಡಿ, ಮತ್ತೆ ನಡುವೆ ತಂದು 40ಎಕ್ಸ್. 40ಎಕ್ಸ್‌ಗೆ ಹೋದ ಮೇಲೆ ಕೋರ್ಸ್ ನಾಬನ್ನು ಮುಟ್ಟಲೇಬೇಡಿ. ಅಲ್ಲಿ ಲೆನ್ಸಿಗೂ ಕವರ್ ಸ್ಲಿಪ್ಪಿಗೂ ಇರುವ ಜಾಗ ಸುಮಾರು 0.6 ಮಿ.ಮೀ. ಅಷ್ಟೇ. 100ಎಕ್ಸ್‌ನಲ್ಲಿ 0.13 ಮಿ.ಮೀ. ಆಸುಪಾಸು, ಕವರ್ ಸ್ಲಿಪ್ಪಿನ ದಪ್ಪಕ್ಕಿಂತಲೂ ಕಡಿಮೆ.

ನಾನು ಕಲಿಯುವಾಗ ಇದನ್ನು ಕೇಳಿಸಿಕೊಂಡಿರಲಿಲ್ಲ ಅಂತಲ್ಲ. ಕೇಳಿಸಿಕೊಂಡೂ, ಅವಸರದಲ್ಲಿ, 40ಎಕ್ಸ್ ಹಾಕಿಕೊಂಡು ಐಪೀಸಿನಲ್ಲೇ ನೋಡುತ್ತಾ ಕೋರ್ಸ್ ನಾಬ್ ತಿರುಗಿಸಿದೆ. ಒಂದು ಸಣ್ಣ 'ಚಟ್' ಸದ್ದು. ಕಣ್ಣಿಗೆ ಕಂಡದ್ದು ಚಿತ್ರದ ನಡುವೆ ಓಡಿದ ಒಂದು ಬಿರುಕು. ಪಕ್ಕದ ಬೆಂಚಿನವರು ಕಷ್ಟಪಟ್ಟು ಬಣ್ಣ ಹಾಕಿದ್ದ ಸ್ಲೈಡ್ ಅದು. ಹಲವು 40ಎಕ್ಸ್, 100ಎಕ್ಸ್ ಲೆನ್ಸುಗಳ ತುದಿಯಲ್ಲಿ ಸ್ಪ್ರಿಂಗ್ ಇರುತ್ತದೆ, ತಾಗಿದರೆ ಒಳಗೆ ಸರಿಯುತ್ತದೆ. ನನ್ನ ಲೆನ್ಸ್ ಹಾಗೆ ಉಳಿಯಿತು, ಸ್ಲೈಡ್ ಉಳಿಯಲಿಲ್ಲ.

4. 10ಎಕ್ಸ್‌ನಲ್ಲಿ ಚೆನ್ನಾಗಿ ಕಾಣುತ್ತದೆ, 40ಎಕ್ಸ್‌ಗೆ ಹೋದರೆ ಬರೀ ಮಂಜು. ಯಾಕೆ?

ಮೊದಲು ಸ್ಲೈಡ್ ತೆಗೆದು ಕವರ್ ಸ್ಲಿಪ್ ಯಾವ ಕಡೆ ಇದೆ ನೋಡಿ. ಕೆಳಗಿದ್ದರೆ ಅಲ್ಲೇ ಉತ್ತರ. ಸ್ಲೈಡಿನ ಗಾಜು ಸುಮಾರು 1 ಮಿ.ಮೀ. ದಪ್ಪ. 4ಎಕ್ಸ್, 10ಎಕ್ಸ್ ಲೆನ್ಸುಗಳಿಗೆ ಜಾಗ ಧಾರಾಳ, ಹಾಗಾಗಿ ಅವು ಗಾಜಿನ ಆಚೆಗೂ ನೋಡುತ್ತವೆ. 40ಎಕ್ಸ್ ಪಾಪ, ಅಷ್ಟು ದಪ್ಪ ಗಾಜನ್ನು ದಾಟಿ ನೋಡಲು ಹೋದರೆ ಫೋಕಸ್ ಸಿಗುವ ಹೊತ್ತಿಗೆ ತಾನೇ ಗಾಜಿಗೆ ತಾಗುವ ಹಾಗಿರುತ್ತದೆ. ಅಪ್ಪಿತಪ್ಪಿ ಸಿಕ್ಕರೂ ಚಿತ್ರ ಹಾಲು ಕಲಸಿದ ನೀರಿನಂತೆ. ಬೋರಲು ಸ್ಲೈಡನ್ನು ತಿರುಗಿಸಿಟ್ಟ ಕೂಡಲೇ "ಓ!" ಅನ್ನುವ ಮುಖಗಳನ್ನು ನಾನು ಲೆಕ್ಕ ಇಡುವುದನ್ನೇ ಬಿಟ್ಟಿದ್ದೇನೆ.

ಸ್ಲೈಡ್ ಸರಿಯಾಗಿದ್ದರೆ ಮುಂದಿನ ಅನುಮಾನ ಲೆನ್ಸಿನ ತುದಿ. 100ಎಕ್ಸ್‌ಗೆ ಹಾಕಿದ ಎಣ್ಣೆ (ಆರನೇ ಪ್ರಶ್ನೆ ನೋಡಿ) 40ಎಕ್ಸ್‌ಗೆ ಮೆತ್ತಿಕೊಂಡಿರುವುದು ತುಂಬಾ ಸಾಮಾನ್ಯ. ಐಪೀಸನ್ನು ಹೊರಗೆ ತೆಗೆದು ತಲೆಕೆಳಗು ಹಿಡಿದರೆ ಒಳ್ಳೆಯ ಭೂತಗನ್ನಡಿಯಾಗುತ್ತದೆ, ಅದರಲ್ಲಿ ಲೆನ್ಸಿನ ತುದಿ ಪರೀಕ್ಷಿಸಿ. ಜಿಡ್ಡು ಕಂಡರೆ ಲೆನ್ಸ್ ಪೇಪರಿನಿಂದ ಒರೆಸಿ. ಅಂಗಿಯ ತುದಿ, ಟಿಶ್ಯೂ ಬೇಡ.

ಮೂರನೆಯದು ಕವರ್ ಸ್ಲಿಪ್ಪಿನ ದಪ್ಪ. ಲೆನ್ಸಿನ ಮೈಮೇಲೆ 0.17 ಅಂತ ಬರೆದಿರುತ್ತದೆ ನೋಡಿ. 0.17 ಮಿ.ಮೀ. ದಪ್ಪದ ಕವರ್ ಸ್ಲಿಪ್ ಇದೆ ಅಂದುಕೊಂಡೇ ಅದನ್ನು ಮಾಡಿರುತ್ತಾರೆ. ಎರಡು ಕವರ್ ಸ್ಲಿಪ್ ಅಂಟಿಕೊಂಡು ಕೂತಿದ್ದರೆ, ಅಥವಾ ಕೆಳಗೆ ನೀರು ಜಾಸ್ತಿಯಾಗಿ ವಸ್ತು ಆಳದಲ್ಲಿದ್ದರೆ, ಎಷ್ಟು ತಿರುಗಿಸಿದರೂ ಚೂಪು ಬರುವುದಿಲ್ಲ. ಜಾಸ್ತಿ ನೀರನ್ನು ಫಿಲ್ಟರ್ ಪೇಪರಿನ ತುದಿಯಿಂದ ಹೀರಿಸಿ.

5. ಲೆನ್ಸ್ ಬದಲಿಸಿದಾಗ ಪ್ರತಿ ಸಲ ಮೊದಲಿಂದ ಫೋಕಸ್ ಮಾಡಬೇಕಾ?

ಬೇಡ. ಒಂದೇ ಸೆಟ್ಟಿನ ಆಬ್ಜೆಕ್ಟಿವ್‌ಗಳನ್ನು, ಒಂದರಲ್ಲಿ ಫೋಕಸ್ ಆದರೆ ಇನ್ನೊಂದರಲ್ಲೂ ಹೆಚ್ಚು ಕಡಿಮೆ ಫೋಕಸ್ ಇರುವ ಹಾಗೆ ಮಾಡಿರುತ್ತಾರೆ. ಇದಕ್ಕೆ ಪಾರ್‌ಫೋಕಲ್ ಅಂತ ಹೆಸರು. ಆದ್ದರಿಂದ 10ಎಕ್ಸ್‌ನಿಂದ 40ಎಕ್ಸ್‌ಗೆ ಹೋಗುವಾಗ ಸ್ಟೇಜ್ ಇಳಿಸಬೇಕಿಲ್ಲ, ಸುಮ್ನೆ ತಿರುಗಿಸಿ. ಲೆನ್ಸ್ ಗಾಜಿಗೆ ತಾಗುತ್ತದೇನೋ ಅಂತ ಹೆದರಿಕೆಯಾದರೆ ಪಕ್ಕದಿಂದ ನೋಡುತ್ತಾ ತಿರುಗಿಸಿ. ಬೇರೆ ಬೇರೆ ಕಂಪನಿಯ ಲೆನ್ಸುಗಳನ್ನು ಬೆರೆಸಿ ಹಾಕಿದ್ದರೆ ಮಾತ್ರ ಈ ನಂಬಿಕೆ ಬೇಡ.

6. 100ಎಕ್ಸ್ ಎಣ್ಣೆ ಲೆನ್ಸಿನಲ್ಲಿ ಫೋಕಸ್ ಸಿಗುವುದೇ ಇಲ್ಲ.

40ಎಕ್ಸ್‌ನಲ್ಲಿ ಚೂಪು ಮಾಡಿಕೊಳ್ಳಿ. ನೋಸ್‌ಪೀಸನ್ನು ಅರ್ಧಕ್ಕೆ ತಿರುಗಿಸಿ, ಬೆಳಕು ಬೀಳುವ ಜಾಗಕ್ಕೆ ಒಂದು ಹನಿ ಇಮ್ಮರ್ಷನ್ ಎಣ್ಣೆ ಬಿಡಿ. ಆಮೇಲೆ 100ಎಕ್ಸನ್ನು ಆ ಹನಿಯೊಳಕ್ಕೆ ತನ್ನಿ. ಇಲ್ಲಿಂದ ಮುಂದೆ ಫೈನ್ ನಾಬ್ ಮಾತ್ರ, ಅದೂ ಕಾಲು ಸುತ್ತು ಆಚೆ, ಕಾಲು ಸುತ್ತು ಈಚೆ. ಸ್ಟೇಜಿನ ಕೆಳಗೆ ಬೆಳಕನ್ನು ಒಟ್ಟುಗೂಡಿಸುವ ಕಂಡೆನ್ಸರ್ ಮೇಲೆತ್ತಿ, ಅದರಲ್ಲಿ ಬೆಳಕಿನ ಕಿಂಡಿಯನ್ನು ಹಿಗ್ಗಿಸಿ ಕುಗ್ಗಿಸುವ ಡಯಾಫ್ರಾಮ್ ತೆರೆದು, ಬೆಳಕು ಹೆಚ್ಚಿಸಿ.

ಎಣ್ಣೆ ಯಾಕೆ ಅಂದರೆ, ಅದರ ವಕ್ರೀಭವನಾಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಅನ್ನುವ ಅಂಕೆ) ಸುಮಾರು 1.515, ಗಾಜಿನಷ್ಟೇ. ನಡುವೆ ಗಾಳಿ ಇದ್ದರೆ ಓರೆಯಾಗಿ ಬರುವ ಬೆಳಕು ಬಾಗಿ ಹೊರಗೆ ಹೋಗಿಬಿಡುತ್ತದೆ. ಹಾಗಾಗಿ ಎಣ್ಣೆಯಲ್ಲಿ ಗುಳ್ಳೆ ಸಿಕ್ಕಿಕೊಂಡರೂ ಚಿತ್ರ ಕೆಡುತ್ತದೆ. ಲೆನ್ಸನ್ನು ಒಂದೆರಡು ಸಲ ಅತ್ತಿತ್ತ ಅಲುಗಿಸಿದರೆ ಗುಳ್ಳೆ ಜಾರಿಕೊಳ್ಳುತ್ತದೆ. ಎಣ್ಣೆ ಹಾಕಿದ ಮೇಲೆ ವಾಪಸ್ 40ಎಕ್ಸ್‌ಗೆ ಹೋಗಬೇಡಿ. ನಾಲ್ಕನೇ ಪ್ರಶ್ನೆಯ ಜಿಡ್ಡು ಬಂದದ್ದು ಇಲ್ಲಿಂದಲೇ.

7. ಫೋಕಸ್ ಮಾಡಿ ಕೈ ಬಿಟ್ಟರೆ ಚಿತ್ರ ತಾನಾಗಿಯೇ ಮಸುಕಾಗುತ್ತದೆ. ನಾಬ್ ಕೆಟ್ಟಿದೆಯಾ?

ಇಲ್ಲಿ ನಾಬಿನ ಮೇಲೆ ಅನುಮಾನ ಪಡಬಹುದು, ಆದರೆ ಕೆಟ್ಟಿರುವುದಿಲ್ಲ, ಸಡಿಲವಾಗಿರುತ್ತದೆ. ಸ್ಟೇಜಿನ ಭಾರಕ್ಕೆ ಕೋರ್ಸ್ ನಾಬ್ ತಾನಾಗಿ ತಿರುಗಿ ಸ್ಟೇಜ್ ನಿಧಾನವಾಗಿ ಕೆಳಗೆ ಜಾರುತ್ತದೆ. ಪರೀಕ್ಷೆ ಸುಲಭ: ಫೋಕಸ್ ಮಾಡಿ, ಕೋರ್ಸ್ ನಾಬನ್ನು ಬೆರಳಲ್ಲಿ ಹಿಡಿದುಕೊಳ್ಳಿ. ಹಿಡಿದಾಗ ಚಿತ್ರ ನಿಂತು, ಬಿಟ್ಟಾಗ ಮಸುಕಾದರೆ ಇದೇ ಕಾರಣ.

ಹೆಚ್ಚಿನ ಮೈಕ್ರೋಸ್ಕೋಪುಗಳಲ್ಲಿ ಕೋರ್ಸ್ ನಾಬಿಗೂ ಕಂಬಕ್ಕೂ ನಡುವೆ, ಒಂದು ಬದಿಯಲ್ಲಿ, ಬಿಗಿ ಹೊಂದಿಸುವ ಉಂಗುರ ಇರುತ್ತದೆ. ಟೆನ್ಷನ್ ರಿಂಗ್ ಅಂತಾರೆ. ಕೆಲವನ್ನು ಕೈಯಲ್ಲೇ ತಿರುಗಿಸಬಹುದು, ಕೆಲವಕ್ಕೆ ಅಲೆನ್ ಕೀ ಬೇಕು. ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ, ಜಾರುವುದು ನಿಂತ ಕೂಡಲೇ ನಿಲ್ಲಿಸಿ. ಬಿಗಿ ಜಾಸ್ತಿಯಾದರೆ ನಾಬ್ ತಿರುಗಿಸುವಾಗ ಇಡೀ ಮೈಕ್ರೋಸ್ಕೋಪೇ ಮೇಜಿನ ಮೇಲೆ ಅಲುಗುತ್ತದೆ, ಬೆರಳೂ ನೋಯುತ್ತದೆ.

ಒಂದು ಎಚ್ಚರಿಕೆ. ಎಡಗಡೆಯ ನಾಬನ್ನೂ ಬಲಗಡೆಯ ನಾಬನ್ನೂ ಒಟ್ಟಿಗೆ ಹಿಡಿದು ಎದುರುಬದುರು ತಿರುಗಿಸಬೇಡಿ. ಕೆಲವು ಮಾಡೆಲ್‌ಗಳಲ್ಲಿ ಬಿಗಿ ಹೊಂದಿಸುವ ಕ್ರಮವೇ ಅದು, ನಿಜ. ಉಳಿದವುಗಳಲ್ಲಿ ಅದೇ ಕೆಲಸ ಒಳಗಿನ ಹಲ್ಲುಗಳನ್ನು ಹಾಳುಮಾಡುತ್ತದೆ. ಕೈಪಿಡಿಯಲ್ಲಿ ಬರೆದಿದ್ದರೆ ಮಾತ್ರ ಮಾಡಿ.

ಬಿಗಿ ಸರಿಯಾಗಿದ್ದೂ ಫೋಕಸ್ ಜಾರುತ್ತಿದ್ದರೆ ಸ್ಲೈಡ್ ನೋಡಿ. ನೀರಿನಲ್ಲಿಟ್ಟ ವಸ್ತುವಾದರೆ ನೀರು ಆರಿದಂತೆ ಕವರ್ ಸ್ಲಿಪ್ ಕೆಳಗಿಳಿಯುತ್ತದೆ. ಜೀವಂತ ಪ್ರಾಣಿಯಾದರೆ ಅದೇ ಮೇಲೆ ಕೆಳಗೆ ಈಜುತ್ತಿರುತ್ತದೆ. ಅದಕ್ಕೆ ಯಾವ ಉಂಗುರವೂ ಇಲ್ಲ, ಒಂದು ಕೈಯನ್ನು ಫೈನ್ ನಾಬಿನ ಮೇಲೇ ಇಟ್ಟುಕೊಂಡು ಹಿಂಬಾಲಿಸಬೇಕು.

8. ಫೈನ್ ನಾಬ್ ಒಂದು ಕಡೆಗೆ ಗಟ್ಟಿಯಾಗಿ ನಿಂತುಬಿಟ್ಟಿದೆ.

ಒತ್ತಬೇಡಿ. ಕೆಲವು ಮೈಕ್ರೋಸ್ಕೋಪುಗಳಲ್ಲಿ ಫೈನ್ ನಾಬಿನ ಓಟಕ್ಕೆ ಮಿತಿ ಇರುತ್ತದೆ, ಅದು ಮುಗಿದಿದೆ ಅಷ್ಟೇ. ಉಲ್ಟಾ ದಿಕ್ಕಿಗೆ ತಿರುಗಿಸಿ ಓಟದ ನಡುವಿಗೆ ತನ್ನಿ, ಚಿಕ್ಕ ಲೆನ್ಸ್ ಹಾಕಿ ಕೋರ್ಸ್ ನಾಬಿನಿಂದ ಮತ್ತೆ ಫೋಕಸ್ ಮಾಡಿ. ಕೆಲಸ ಶುರು ಮಾಡುವಾಗಲೇ ಫೈನ್ ನಾಬ್ ನಡುವಿನಲ್ಲಿರಲಿ.

ಕೋರ್ಸ್ ನಾಬ್ ತಿರುಗಿಸಿದರೂ ಸ್ಟೇಜ್ ಮೇಲಕ್ಕೆ ಹೋಗದೆ ನಿಂತರೆ ಕಾರಣ ಬೇರೆ. ಸ್ಲೈಡ್ ಒಡೆಯದಿರಲಿ ಅಂತ ಹಾಕಿದ ಸ್ಟಾಪರ್ ಅಥವಾ ಲಾಕ್ ಇರಬಹುದು. ಯಾರೋ ದಪ್ಪ ಸ್ಲೈಡಿಗೆ ಅಂತ ಅದನ್ನು ಕೆಳಗೆ ಹೊಂದಿಸಿ ಹೋಗಿರುತ್ತಾರೆ, ನೀವು ಅರ್ಧ ಗಂಟೆ ಒದ್ದಾಡುತ್ತೀರಿ. ಸ್ಟಾಪರ್ ಸಡಿಲಿಸಿ, ನಿಮ್ಮ ಸ್ಲೈಡಿಗೆ ಹೊಂದಿಸಿ, ಮತ್ತೆ ಬಿಗಿ ಮಾಡಿ.

9. ಬಲಗಣ್ಣಿಗೆ ಸ್ಪಷ್ಟ, ಎಡಗಣ್ಣಿಗೆ ಮಸುಕು. ಯಾವ ನಾಬ್?

ಯಾವ ನಾಬೂ ಅಲ್ಲ, ಐಪೀಸ್ ಕೊಳವೆಯ ಮೇಲಿರುವ ಡಯಾಪ್ಟರ್ ರಿಂಗ್. ನಮ್ಮ ಎರಡೂ ಕಣ್ಣು ಒಂದೇ ಥರ ಇರುವುದು ಅಪರೂಪ. ರಿಂಗನ್ನು ಸೊನ್ನೆಯಲ್ಲಿಡಿ. ರಿಂಗ್ ಇಲ್ಲದ ಕಡೆಯ ಕಣ್ಣಿನಿಂದ ಮಾತ್ರ ನೋಡುತ್ತಾ ಫೈನ್ ನಾಬಿನಿಂದ ಚೂಪು ಮಾಡಿ. ಆಮೇಲೆ ರಿಂಗ್ ಇರುವ ಕಡೆಯ ಕಣ್ಣಿನಿಂದ ನೋಡುತ್ತಾ, ನಾಬ್ ಮುಟ್ಟದೆ, ರಿಂಗ್ ಮಾತ್ರ ತಿರುಗಿಸಿ. ಎರಡೂ ಕಡೆ ರಿಂಗ್ ಇದ್ದರೆ ಒಂದನ್ನು ಸೊನ್ನೆಯಲ್ಲೇ ಬಿಟ್ಟು ಹೀಗೇ ಮಾಡಿ. ಮುಚ್ಚಬೇಕಾದ ಕಣ್ಣನ್ನು ಬಿಗಿಯಾಗಿ ಮುಚ್ಚುವುದಕ್ಕಿಂತ ಐಪೀಸಿಗೆ ಒಂದು ಕಾರ್ಡ್ ಅಡ್ಡ ಇಡುವುದು ಒಳ್ಳೆಯದು, ಮುಖ ಕಿವುಚಿದರೆ ತೆರೆದ ಕಣ್ಣಿನ ನೋಟವೂ ಬದಲಾಗುತ್ತದೆ.

ಇದಕ್ಕೂ ಮೊದಲು ಎರಡು ಕೊಳವೆಗಳ ನಡುವಿನ ಅಂತರ ಸರಿಮಾಡಿ. ಎರಡು ವೃತ್ತ ಸೇರಿ ಒಂದೇ ವೃತ್ತ ಕಾಣಬೇಕು. ಅದು ಕೂಡದೆ ತಲೆನೋವು ಅಂತ ಬಂದವರು ಫೋಕಸ್ ಬೈಯುತ್ತಿರುತ್ತಾರೆ.

10. ಕನ್ನಡಕ ಹಾಕಿಕೊಂಡೇ ನೋಡಬೇಕಾ?

ಬರೀ ದೂರದೃಷ್ಟಿ ಅಥವಾ ಸಮೀಪದೃಷ್ಟಿ ಆದರೆ ತೆಗೆದಿಡಬಹುದು, ಫೋಕಸ್ ಅದನ್ನು ಸರಿದೂಗಿಸುತ್ತದೆ. ಸಿಲಿಂಡರ್ ಪವರ್ ಜಾಸ್ತಿ ಇದ್ದರೆ ಹಾಕಿಕೊಳ್ಳಿ. ಐಪೀಸಿನ ಮೇಲೆ ಕನ್ನಡಕದ ಚಿತ್ರ ಇದ್ದರೆ ಅದು ಕನ್ನಡಕ ಹಾಕಿದವರಿಗೂ ಆರಾಮಾಗುವ ಹಾಗೆ ಮಾಡಿದ್ದು.

11. ನಾನು ಫೋಕಸ್ ಮಾಡಿದ್ದು ವಸ್ತುವನ್ನೋ ಧೂಳನ್ನೋ?

ಸ್ಲೈಡನ್ನು ಸ್ವಲ್ಪ ಜರುಗಿಸಿ. ಕಂಡದ್ದೂ ಜರುಗಿದರೆ ಅದು ಸ್ಲೈಡಿನಲ್ಲಿದೆ. ಐಪೀಸನ್ನು ತಿರುಗಿಸಿದಾಗ ಜೊತೆಗೇ ಸುತ್ತಿದರೆ ಐಪೀಸಿನ ಕಸ. ಎರಡಕ್ಕೂ ಜಗ್ಗದಿದ್ದರೆ ಕಂಡೆನ್ಸರ್, ದೀಪದ ಗಾಜು ಅಥವಾ ಆಬ್ಜೆಕ್ಟಿವ್ ನೋಡಿ.

ಹೊಸಬರು ಸಂಭ್ರಮದಿಂದ "ಜೀವಕೋಶ ಸಿಕ್ಕಿತು" ಅಂತ ಕೂಗುವುದು ಬಹಳ ಸಲ ಗಾಳಿಗುಳ್ಳೆಯನ್ನು ನೋಡಿ. ಅಚ್ಚುಕಟ್ಟಾದ ದುಂಡು, ಸುತ್ತ ದಪ್ಪ ಕಪ್ಪು ಅಂಚು. ಈರುಳ್ಳಿ ಪೊರೆಯ ಕೋಶ ಹಾಗಿರುವುದಿಲ್ಲ, ಇಟ್ಟಿಗೆ ಗೋಡೆಯಂತೆ ಸಾಲು ಸಾಲಾಗಿರುತ್ತದೆ.

12. ವಸ್ತು ಪಾರದರ್ಶಕವಾಗಿದೆ, ಫೋಕಸ್ ಮಾಡಲು ಏನೂ ಸಿಗುತ್ತಿಲ್ಲ.

ಬೆಳಕು ಜಾಸ್ತಿಯಾಗಿದೆ. ಕಂಡೆನ್ಸರಿನ ಡಯಾಫ್ರಾಮನ್ನು ಸ್ವಲ್ಪ ಮುಚ್ಚಿ, ಅಂಚುಗಳು ಎದ್ದು ಕಾಣುತ್ತವೆ. ಆಗಲೂ ಸಿಗದಿದ್ದರೆ ಕವರ್ ಸ್ಲಿಪ್ಪಿನ ಅಂಚಿಗೆ ಫೋಕಸ್ ಮಾಡಿ, ಅಲ್ಲಿಂದ ಒಳಗೆ ಜರುಗಿ. ಸ್ಮಿಯರ್ (ಗಾಜಿನ ಮೇಲೆ ತೆಳುವಾಗಿ ಸವರಿದ ಪದರ) ಆದರೆ ಸ್ಲೈಡಿನ ಅದೇ ಮುಖದ ಮೇಲೆ, ಪಕ್ಕದಲ್ಲಿ, ಮಾರ್ಕರ್ ಪೆನ್ನಿನಿಂದ ಒಂದು ಗೆರೆ ಎಳೆದಿಡುವುದು ನನ್ನ ಅಭ್ಯಾಸ. ಶಾಯಿಯ ಚುಕ್ಕೆಗಳು ಚೂಪಾದರೆ ಸ್ಮಿಯರ್ ಅಲ್ಲೇ ಎಲ್ಲೋ ಇದೆ ಅಂತ.

ಸಿಕ್ಕ ಮೇಲೆ ಡಯಾಫ್ರಾಮನ್ನು ಮತ್ತೆ ತೆರೆಯಲು ಮರೆಯಬೇಡಿ. ಜಾಸ್ತಿ ಮುಚ್ಚಿಟ್ಟರೆ ಸೂಕ್ಷ್ಮ ವಿವರ ಹೋಗುತ್ತದೆ.

13. ನಡುವೆ ಚೂಪು, ಅಂಚಿನಲ್ಲಿ ಮಸುಕು. ಎರಡೂ ಒಟ್ಟಿಗೆ ಬರುವುದಿಲ್ವಾ?

ಸುತ್ತಲೂ ಒಂದೇ ಸಮ ಮಸುಕಾಗಿದ್ದರೆ ಅದು ಲೆನ್ಸಿನ ಗುಣ, ಸಾಧಾರಣ ಲೆನ್ಸಿನ ಚಿತ್ರ ಬಟ್ಟಲಿನಂತೆ ಬಾಗಿರುತ್ತದೆ. ಮೈಮೇಲೆ 'ಪ್ಲಾನ್' ಅಂತ ಬರೆದ ಲೆನ್ಸುಗಳಲ್ಲಿ ಇದನ್ನು ಸರಿಪಡಿಸಿರುತ್ತಾರೆ. ಒಂದೇ ಬದಿ ಮಸುಕಾಗಿದ್ದರೆ ಮಾತ್ರ ಸ್ಲೈಡ್ ಓರೆಯಾಗಿದೆ. ಕ್ಲಿಪ್ಪಿನ ಕೆಳಗೆ ಸರಿಯಾಗಿ ಕೂತಿಲ್ಲ, ಅಥವಾ ಸ್ಟೇಜಿನ ಮೇಲೆ ಗಾಜಿನ ಚೂರೋ ಒಣಗಿದ ಎಣ್ಣೆಯೋ ಇದೆ.

14. ಫೈನ್ ನಾಬಿನ ಮೇಲಿನ ಗೆರೆಗಳು ಯಾಕೆ?

ದಪ್ಪ ಅಳೆಯಲು. ಕೈಪಿಡಿಯಲ್ಲಿ ಒಂದು ಗೆರೆಗೆ ಎಷ್ಟು ಮೈಕ್ರಾನ್ ಅಂತ ಇರುತ್ತದೆ, 1 ಅಥವಾ 2 ಸಾಮಾನ್ಯ. ವಸ್ತುವಿನ ಮೇಲ್ಭಾಗಕ್ಕೆ ಫೋಕಸ್ ಮಾಡಿ ಗೆರೆ ಓದಿ, ಕೆಳಭಾಗಕ್ಕೆ ಫೋಕಸ್ ಮಾಡಿ ಮತ್ತೆ ಓದಿ. ಎರಡು ಸಲವೂ ಒಂದೇ ದಿಕ್ಕಿನಿಂದ ತಿರುಗಿಸುತ್ತಾ ಬನ್ನಿ, ಇಲ್ಲದಿದ್ದರೆ ಹಲ್ಲುಗಳ ನಡುವಿನ ಸಡಿಲ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ. ಎಣ್ಣೆ ಹಾಕದ ಲೆನ್ಸಾದರೆ ಬಂದ ಅಂತರವನ್ನು ಮಾಧ್ಯಮದ ವಕ್ರೀಭವನಾಂಕದಿಂದ ಗುಣಿಸಬೇಕು: ನೀರಾದರೆ 1.33. ನೀರಿನಲ್ಲಿ 30 ಮೈಕ್ರಾನ್ ಅಂತ ನಾಬ್ ಹೇಳಿದರೆ ನಿಜವಾದ ದಪ್ಪ ಸುಮಾರು 40. ಅಂದಾಜಿಗೆ ಇದು ಚೆನ್ನಾಗಿಯೇ ಸಾಕು.

15. ಕಣ್ಣಿಗೆ ಚೂಪಾಗಿದ್ದರೂ ಕ್ಯಾಮೆರಾದಲ್ಲಿ ಮಸುಕು ಬರುತ್ತದೆ.

ಕ್ಯಾಮೆರಾ ಅಡಾಪ್ಟರಿನ ಎತ್ತರ ಐಪೀಸಿನ ಜೊತೆ ಹೊಂದಿಲ್ಲ. ಕಣ್ಣಿಗೆ ಚೂಪು ಮಾಡಿಕೊಂಡು, ನಾಬ್ ಮುಟ್ಟದೆ, ಅಡಾಪ್ಟರಿನ ರಿಂಗ್ ತಿರುಗಿಸಿ ಸ್ಕ್ರೀನಿನಲ್ಲಿ ಚೂಪು ಮಾಡಿ. ರಿಂಗ್ ಇಲ್ಲದಿದ್ದರೆ ಫೋಟೋ ತೆಗೆಯುವಾಗ ಸ್ಕ್ರೀನ್ ನೋಡಿಕೊಂಡೇ ಫೋಕಸ್ ಮಾಡಿ.

16. ಸ್ಟೀರಿಯೋ ಮೈಕ್ರೋಸ್ಕೋಪಿನಲ್ಲಿ (ವಸ್ತುವನ್ನು ಎರಡೂ ಕಣ್ಣಿಗೆ ಉಬ್ಬುತಗ್ಗಿನ ಸಮೇತ ತೋರಿಸುವುದು) ಝೂಮ್ ಮಾಡಿದರೆ ಫೋಕಸ್ ಹೋಗುತ್ತದೆ.

ನೀವು ಕಡಿಮೆ ಝೂಮಿನಲ್ಲಿ ಫೋಕಸ್ ಮಾಡಿ ಮೇಲೆ ಹೋಗುತ್ತಿದ್ದೀರಿ. ಉಲ್ಟಾ ಮಾಡಿ. ಡಯಾಪ್ಟರ್ ರಿಂಗುಗಳನ್ನು ಸೊನ್ನೆಯಲ್ಲಿಟ್ಟು, ಅತಿ ಹೆಚ್ಚಿನ ಝೂಮಿನಲ್ಲಿ ನಾಬಿನಿಂದ ಚೂಪು ಮಾಡಿ. ಆಮೇಲೆ ಅತಿ ಕಡಿಮೆ ಝೂಮಿಗೆ ಬಂದು, ನಾಬ್ ಮುಟ್ಟದೆ, ಒಂದೊಂದೇ ಕಣ್ಣಿಗೆ ರಿಂಗ್ ಹೊಂದಿಸಿ. ಈಗ ಝೂಮ್ ಹೇಗೆ ತಿರುಗಿಸಿದರೂ ಫೋಕಸ್ ನಿಲ್ಲುತ್ತದೆ. ಇನ್ನೊಬ್ಬರು ಬಂದು ಕೂತರೆ ಅವರ ಕಣ್ಣಿಗೆ ಮತ್ತೆ ಮಾಡಬೇಕು.

17. ಹಳೆಯ ಮೈಕ್ರೋಸ್ಕೋಪಿನ ನಾಬ್ ಅಲುಗುತ್ತಲೇ ಇಲ್ಲ. ಎಣ್ಣೆ ಬಿಡಲೇ?

ಬೇಡ. ವರ್ಷಗಟ್ಟಲೆ ಸುಮ್ಮನಿದ್ದರೆ ಒಳಗಿನ ಗ್ರೀಸ್ ಅಂಟಿನಂತೆ ಗಟ್ಟಿಯಾಗುತ್ತದೆ. ಮೇಲಿಂದ ತೆಳು ಎಣ್ಣೆ ಬಿಟ್ಟರೆ ಆಗ ಸಡಿಲವಾಗಬಹುದು, ಆದರೆ ಧೂಳು ಹಿಡಿಯುತ್ತದೆ, ಸ್ಟೇಜ್ ಜಾರುತ್ತದೆ, ಎಣ್ಣೆ ಹರಿದು ಲೆನ್ಸಿಗೂ ಬರಬಹುದು. ಸರಿಯಾದ ದಾರಿ ಬಿಚ್ಚಿ, ಹಳೆಯ ಗ್ರೀಸ್ ತೆಗೆದು, ಹೊಸದು ಹಚ್ಚುವುದು. ಕೋರ್ಸ್ ನಾಬಿನ ರಾಕ್ ಮತ್ತು ಪಿನಿಯನ್ (ಹಲ್ಲಿನ ಪಟ್ಟಿ, ಹಲ್ಲಿನ ಚಕ್ರ) ಬಿಚ್ಚುವುದು ತಾಳ್ಮೆ ಇದ್ದವರಿಗೆ ಆಗುವ ಕೆಲಸ. ಫೈನ್ ನಾಬಿನ ಒಳಗನ್ನು ಮಾತ್ರ ರಿಪೇರಿ ಗೊತ್ತಿದ್ದವರಿಗೆ ಬಿಡಿ. ಅಲ್ಲಿ ಸ್ಪ್ರಿಂಗ್, ಗುಂಡುಗಳು ಹಾರಿ ಮೇಜಿನ ಕೆಳಗೆ ಸೇರಿದರೆ ಹುಡುಕುವುದು ನೀವೇ.

18. ಕೈ ಪಳಗಲು ಏನು ಅಭ್ಯಾಸ ಮಾಡಲಿ?

ಮೂರು ಬಣ್ಣದ ತೆಳು ದಾರಗಳನ್ನು ಸ್ಲೈಡಿನ ಮೇಲೆ ಒಂದರ ಮೇಲೊಂದು ಅಡ್ಡಡ್ಡ ಇಟ್ಟು, ಒಂದು ಹನಿ ನೀರು ಹಾಕಿ, ಕವರ್ ಸ್ಲಿಪ್ ಮುಚ್ಚಿ. 10ಎಕ್ಸ್‌ನಲ್ಲಿ ದಾರಗಳು ಸೇರುವ ಜಾಗಕ್ಕೆ ಹೋಗಿ. ಮೂರೂ ಒಟ್ಟಿಗೆ ಚೂಪಾಗುವುದಿಲ್ಲ. ಫೈನ್ ನಾಬ್ ತಿರುಗಿಸುತ್ತಾ ಯಾವ ಬಣ್ಣ ಮೊದಲು, ಯಾವುದು ನಡುವೆ, ಯಾವುದು ಕೊನೆಗೆ ಬಂತು ಅಂತ ಬರೆದಿಟ್ಟು, ಮೇಲಿರುವುದು ಯಾವುದು ಹೇಳಿ. ದಾರಗಳನ್ನು ಬೇರೆಯವರ ಕೈಯಲ್ಲಿ ಇಡಿಸಿ, ಆಗಲೇ ಮಜಾ.

19. ಕೆಲಸ ಮುಗಿದ ಮೇಲೆ ನಾಬುಗಳನ್ನು ಎಲ್ಲಿ ಬಿಡಬೇಕು?

ಮೊದಲು ಸ್ಟೇಜ್ ಇಳಿಸಿ, ಆಮೇಲೆ ಸ್ಲೈಡ್ ತೆಗೆಯಿರಿ. 100ಎಕ್ಸ್‌ನ ಎಣ್ಣೆ ಒರೆಸಿ, 4ಎಕ್ಸ್ ಕೆಳಗೆ ತನ್ನಿ, ಫೈನ್ ನಾಬನ್ನು ನಡುವಿಗೆ ತಂದಿಟ್ಟು ಕವರ್ ಮುಚ್ಚಿ. ಎತ್ತಿಡುವಾಗ ಒಂದು ಕೈ ಕಂಬಕ್ಕೆ, ಇನ್ನೊಂದು ಅಡಿಗೆ. ಸ್ಟೇಜನ್ನೋ ನಾಬನ್ನೋ ಹಿಡಿದು ಎತ್ತಿದರೆ ಏಳನೇ ಪ್ರಶ್ನೆಗೆ ವಾಪಸ್ ಬರುತ್ತೀರಿ.